ಎಣ್ಣೆಬಾವಿಗೆ ಹೊರಟ ಚವಳಿಕಾಯಿ

ಬೆಂಗಳೂರಿನ ಕಡೆಯವರು ಗೋರಿಕಾಯಿ ಅನ್ನುವುದನ್ನು ನಾವು ಚವಳಿಕಾಯಿ ಅನ್ನುತ್ತೇವೆ. ಎಳೆಯದಾಗಿದ್ದಾಗ ಮುರಿದು, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದರೆ ಎರಡು ರೊಟ್ಟಿ ತಿನ್ನುವವರು ಇನ್ನೊಂದು ಕೇಳುತ್ತಾರೆ. ಇಂಥ ಬಡಪಾಯಿ ಕಾಯಿಯ ಹೆಸರು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಾಯಿಯದೇನೂ ತಪ್ಪಿಲ್ಲ. ತಪ್ಪೆಲ್ಲ ಅದನ್ನು ಎಣ್ಣೆ ಅಂದವರದು.

ನಮ್ಮೂರು ಕುರುಗೋಡು. ಅವ್ವ ಕಳೆ ತೆಗೆಯುವ ಹೆಂಗಸರ ಗುಂಪಿಗೆ ಮುಂದಾಳು. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಆ ಗುಂಪಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ನಾಟಿ ಬಂದರೆ ಟಂಟಂ ಗಾಡಿ ಹತ್ತಿ ಸಿರುಗುಪ್ಪ ದಾಟಿ ದೇಶನೂರಿನ ಗದ್ದೆಗಳ ತನಕ ಹೋಗುತ್ತಿದ್ದರು. ನಾನು ಮಾತ್ರ ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕ ಸೇರಿದೆ. ಅಲ್ಲಿ ಸಂಜೆ ಬಿಡುವಾಗ ಗೇಟಿನಲ್ಲಿ ಚೀಲ ಬಿಚ್ಚಿ, ಬುತ್ತಿ ಡಬ್ಬಿ ತೆರೆದು ತೋರಿಸಿಯೇ ಹೊರಗೆ ಬರಬೇಕು. ಮೊದಮೊದಲು ಅವಮಾನವೆನಿಸಿತು, ಆಮೇಲೆ ರೂಢಿಯಾಯಿತು. ಅವ್ವನ ಕೆಲಸದಲ್ಲಿ ಬಿಸಿಲಿದೆ, ಗೇಟಿಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚು ಕೂಡ ಪಟ್ಟಿದ್ದೇನೆ.

ಹೊಲಕ್ಕೆ ಗೇಟಿಲ್ಲದಿದ್ದರೂ ಕಟ್ಟುಪಾಡಿತ್ತು. ಕಾಯಿಪಲ್ಲೆ ಇರುವ ಹೊಲದಲ್ಲಿ ದಿನವಿಡೀ ಬಗ್ಗಿ ಕಳೆ ತೆಗೆದವಳು, ಹೊತ್ತು ಇಳಿದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಉಡಿ ಮಾಡಿಕೊಂಡು, ಅದಕ್ಕೆ ಹಿಡಿದಷ್ಟು ಬಿಡಿಸಿಕೊಂಡು ಮನೆಗೆ ಹೋಗಬಹುದು. ಬುಟ್ಟಿ ತರುವಂತಿಲ್ಲ, ಚೀಲ ತರುವಂತಿಲ್ಲ. ಹೊಲದವರ ಕಣ್ಣೆದುರೇ ಬಿಡಿಸಬೇಕು. ಅದು ಕೂಲಿಯಲ್ಲ, ದಾನವೂ ಅಲ್ಲ, ಕಳವಂತೂ ಅಲ್ಲವೇ ಅಲ್ಲ. ಉಡಿ ಎಂದರೆ ನಮ್ಮಲ್ಲಿ ಬರೀ ಸೀರೆಯ ಮಡಿಕೆಯಲ್ಲ. ತವರಿಗೆ ಬಂದ ಮಗಳನ್ನು ಉಡಿ ತುಂಬದೆ ಕಳಿಸುವುದಿಲ್ಲ. ತುಂಬಿದ ಉಡಿಯನ್ನು ನೆಲಕ್ಕೆ ಜಾಡಿಸು ಎಂದು ಹಗೆಯವರೂ ಹೇಳುವುದಿಲ್ಲ.

ಕೊರೋನಾ ಬರುವುದಕ್ಕಿಂತ ಮುಂಚಿನ ಮಾತು. ಅವ್ವ ಬಹಳ ವರ್ಷದಿಂದ ಹೋಗುತ್ತಿದ್ದ ಹೊಲದ ಯಜಮಾನರನ್ನು ನಾವು ಗೌಡರು ಎಂದೇ ಕರೆಯುತ್ತಿದ್ದೆವು. ಅವರಲ್ಲಿಗೆ ಗಡಿಯಾಚೆಯಿಂದ ಒಬ್ಬ ಏಜೆಂಟ ಬಂದ. ಚವಳಿ ಹಾಕಿ, ಕಾಯಿ ಬೇಡ, ಒಣಗಿದ ಬೀಜ ಕೊಡಿ, ಎಷ್ಟಿದ್ದರೂ ನಾನೇ ಎತ್ತುತ್ತೇನೆ ಅಂದ. ಬೇವಿನ ಗಿಡದ ಕೆಳಗೆ ಅಕ್ಕಪಕ್ಕದ ರೈತರನ್ನೂ ಕೂಲಿಯವರನ್ನೂ ಕೂರಿಸಿಕೊಂಡು ಫೋನಿನಲ್ಲಿ ವಿಡಿಯೋ ತೋರಿಸುತ್ತ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕಥೆ ಹೇಳಿದನಂತೆ. ಅಮೆರಿಕದಲ್ಲಿ ಆಳದ ಕಲ್ಲಿನ ಪದರಿನೊಳಗೆ ಎಣ್ಣೆಯೂ ಗ್ಯಾಸೂ ಸಿಕ್ಕಿಕೊಂಡಿರುತ್ತವೆ. ಅಲ್ಲಿಗೆ ನೆಟ್ಟಗೆ ಬೋರು ಇಳಿಸಿ, ಆಮೇಲೆ ಅಡ್ಡಕ್ಕೆ ತಿರುಗಿಸಿ ದೂರದ ತನಕ ಕೊರೆಯುತ್ತಾರೆ. ಕೊರೆದರಷ್ಟೇ ಎಣ್ಣೆ ಬರುವುದಿಲ್ಲ. ಒಳಗೆ ನೀರು ನುಗ್ಗಿಸಿ ಕಲ್ಲು ಸೀಳಬೇಕು, ಸೀಳು ಮತ್ತೆ ಮುಚ್ಚಿಕೊಳ್ಳದಂತೆ ಮರಳು ತುರುಕಬೇಕು. ಬರೀ ನೀರಿನಲ್ಲಿ ಮರಳು ತಳಕ್ಕೆ ಕೂತುಬಿಡುತ್ತದೆ. ಅದಕ್ಕೇ ಚವಳಿ ಬೀಜದ ಅಂಟು ಕಲಸಿ ನೀರನ್ನು ಗಂಜಿಯ ಹಾಗೆ ಮಂದ ಮಾಡುತ್ತಾರೆ.

ಬೋರು ಅಡ್ಡ ಹೆಂಗ ತಿರುಗ್ತೈತಿ ಎಂದು ಯಾರೋ ಕೇಳಿದ್ದಕ್ಕೆ ಎಲ್ಲರೂ ನಕ್ಕರಂತೆ. ನಮ್ಮ ಕಡೆ ಬೋರು ನೆಟ್ಟಗಿಳಿದರೂ ನೀರು ಕೊಡುವುದಿಲ್ಲ, ಇನ್ನು ಅಡ್ಡ ತಿರುಗಿದರೆ ಪಕ್ಕದ ಹೊಲದವರ ಜೊತೆ ಜಗಳವೇ ಗತಿ. ಅವ್ವ ಮನೆಗೆ ಬಂದು ಇದನ್ನೆಲ್ಲ ಹೇಳಿ ತಾನೂ ನಕ್ಕಳು. ನಾವು ಕಳೆ ತೆಗೆದ ಗಿಡದ ಗಂಜಿಯನ್ನು ಅಮೆರಿಕದ ಭೂಮಿತಾಯಿ ಕುಡಿಯುತ್ತಾಳಂತೆ ಎಂದು ಅವಳಿಗೆ ಒಂಥರಾ ಹೆಮ್ಮೆಯೇ ಆಗಿತ್ತು. ಏಜೆಂಟ ಗೌಡರ ಮೂಗಿಗೆ ತುಪ್ಪ ಸವರಿದ್ದ. ಆ ತುಪ್ಪದ ವಾಸನೆ ನಮಗೂ ಹಿತವಾಗಿಯೇ ಇತ್ತು.

ಬೆಳೆ ಚೆನ್ನಾಗಿ ಬಂತು. ಗೊಂಚಲು ಗೊಂಚಲಾಗಿ ಎಳೆಗಾಯಿ ಬಿಟ್ಟವು. ಅವತ್ತು ನಮ್ಮ ಘಟಕಕ್ಕೆ ರಜೆ ಇತ್ತು, ಅವ್ವನಿಗೆ ಮಧ್ಯಾಹ್ನದ ಬುತ್ತಿ ಕೊಡಲು ಹೋದವಳು ಸಂಜೆ ತನಕ ಅಲ್ಲೇ ಉಳಿದೆ. ಕೆಲಸ ಮುಗಿಯಿತು. ಅವ್ವ ಎಂದಿನಂತೆ ಸೆರಗು ಸಿಕ್ಕಿಸಿ, ಬದುವಿನ ಕಲ್ಲಿನ ಮೇಲೆ ಕೂತಿದ್ದ ಗೌಡರ ಎದುರಿಗೇ ಎಳೆಗಾಯಿ ಬಿಡಿಸಿಕೊಂಡಳು. ಉಳಿದ ಹೆಂಗಸರು ಅವಳ ಹಿಂದೆ ನಿಂತಿದ್ದರು, ಮುಂದಾಳು ಬಿಡಿಸಿದ ಮೇಲೆ ಅವರ ಸರದಿ. ಬೆಳೆ ನೋಡಲು ಬಂದಿದ್ದ ಏಜೆಂಟ ಆಚೆ ಬದುವಿನಿಂದ ಕೂಗುತ್ತ ಬಂದ. "ಇದಿ ಕೂರ ಕಾದಮ್ಮಾ" ಅಂದ. ಇದು ಪಲ್ಯದ ಕಾಯಿಯಲ್ಲ ಎಂದು ಅದರ ಅರ್ಥ. ಹಸಿರು ಕಾಯಿ ಕಿತ್ತರೆ ಅಷ್ಟು ಬೀಜ ಕಡಿಮೆ, ಇದು ಕಾಯಿಯಲ್ಲ, ಆಯಿಲ್ಲು ಎಂದು ತಿಳಿಹೇಳಿದ. ಅಲ್ಲಿಗೆ ನಿಲ್ಲಿಸಿದ್ದರೆ ಅವ್ವ ಅಷ್ಟನ್ನೂ ಅಲ್ಲೇ ಸುರಿದು ಬರುತ್ತಿದ್ದಳು. ಅವನು ನಿಲ್ಲಿಸಲಿಲ್ಲ.

"ದಿನಾ ಹಿಂಗ ಕದ್ದು ಹೊತ್ಕೊಂಡು ಹೋಗ್ತೀರೇನು? ಉಡಿ ಜಾಡಸ್ರಿ, ಎಲ್ಲಾರೂ ಜಾಡಸ್ರಿ."

ಅವ್ವ ಅವನ ಮುಖ ನೋಡಲಿಲ್ಲ. ಗೌಡರ ಮುಖ ನೋಡಿದಳು. ನನಗೆ ಹುಟ್ಟಿದಾಗಿನಿಂದ ಗುರುತಿದ್ದ ಮನುಷ್ಯ, ನಮ್ಮ ಅಕ್ಕನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡವರು. ಒಂದು ಮಾತು ಸಾಕಿತ್ತು, ಇದು ನಮ್ಮ ಕಡೆಯ ಪದ್ಧತಿ ಅನ್ನುವ ಒಂದೇ ಮಾತು. ಅವರು ಫೋನು ತೆಗೆದು ಅದರಲ್ಲಿ ಏನನ್ನೋ ಹುಡುಕತೊಡಗಿದರು. ಅವ್ವ ಸೊಂಟದಿಂದ ಸೆರಗು ಬಿಡಿಸಿದಳು. ಕಾಯಿಗಳು ಅವಳ ಕಾಲ ಮೇಲೆ ಬಿದ್ದವು. ಘಟಕದ ಗೇಟು ನಾನು ದುಡಿಯುವ ಕಡೆ ಇರಲಿ, ಇಲ್ಲಿಗೇಕೆ ಬಂತು? ಯಾವುದೋ ದೇಶದ ಕಲ್ಲು ಸೀಳುವುದಕ್ಕೆ ನಮ್ಮ ಅವ್ವ ಯಾಕೆ ಸೆರಗು ಬಿಚ್ಚಬೇಕು?

ಮರುದಿನದಿಂದ ಅವ್ವ ಆ ಹೊಲಕ್ಕೆ ಹೋಗಲಿಲ್ಲ. ಗುಂಪಿನಲ್ಲಿ ಒಬ್ಬಳೂ ಹೋಗಲಿಲ್ಲ. ಗೌಡರು ಸಿರುಗುಪ್ಪ ಕಡೆಯಿಂದ ಬೇರೆ ಹೆಂಗಸರನ್ನು ಕರೆಸಿಕೊಂಡರು. ಆದರೆ ಮಾತಿಗೆ ಟಂಟಂ ಬೇಕಾಗಿಲ್ಲವಲ್ಲ. ಅವ್ವನಿಗಿಂತ ಮೊದಲೇ ಅದು ದೇಶನೂರು ಮುಟ್ಟಿತ್ತು. ನಾಟಿಗೆ ಹೋದಾಗ ಅಲ್ಲಿಯ ಒಬ್ಬಳು, ಚವಳಿಕಾಯಿ ಕದ್ದವರು ನೀವೇ ಏನು ಎಂದು ತಮಾಷೆಗೇ ಕೇಳಿದಳಂತೆ. ಅವ್ವ ಅವತ್ತು ರೊಟ್ಟಿ ಮುಟ್ಟಲಿಲ್ಲ. ಮುಂದಾಳಿಗೆ ಇರುವುದೇ ಅವಳ ಹೆಸರು. ಆ ಹೆಸರು ನಂಬಿ ಹೊಲದವರು ಗುಂಪನ್ನು ಕರೆಯುತ್ತಾರೆ, ಅದನ್ನೇ ನಂಬಿ ಹೆಂಗಸರು ಅವಳ ಹಿಂದೆ ಹೊರಡುತ್ತಾರೆ. ಇಪ್ಪತ್ತು ಊರು ಸುತ್ತಿ ಗಳಿಸಿದ ಹೆಸರನ್ನು ಉಡಿಯಷ್ಟು ಕಾಯಿಗೆ ಕಳೆದರು.

ಕಾಯಿ ಬಲಿಯುವ ಹೊತ್ತಿಗೆ ಏಜೆಂಟ ಫೋನು ಎತ್ತುವುದನ್ನು ಬಿಟ್ಟ. ಕೊನೆಗೊಮ್ಮೆ ಸಿಕ್ಕಾಗ ಬೀಜ ಬೇಡ ಅಂದನಂತೆ. ಇದನ್ನು ಹೇಳಿದವರು ಗೌಡರೇ. ಒಂದು ಬೆಳಿಗ್ಗೆ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು. ಅಮೆರಿಕದಲ್ಲಿ ಕೆಲಸದ ರೀತಿಯೇ ಬದಲಾಗಿದೆಯಂತೆ. ಬೋರಿನ ಅಡ್ಡದ ಕೊಳವೆ ಮೊದಲಿಗಿಂತ ಬಹಳ ಉದ್ದ, ಅದನ್ನು ತುಂಡು ತುಂಡಾಗಿ ಸೀಳುತ್ತಾರೆ, ಮರಳೂ ಮೊದಲಿಗಿಂತ ಸಣ್ಣದು, ಮೊದಲಿಗಿಂತ ಹೆಚ್ಚು. ಗಂಜಿ ಹೆಚ್ಚಾಗಿ ಬೇಕಿಲ್ಲ. ತೆಳ್ಳನೆಯ ನೀರಿಗೆ ಎಂಥದೋ ಜಾರುವ ರಾಸಾಯನಿಕ ಚೂರು ಬೆರೆಸಿ ಜೋರಾಗಿ ನುಗ್ಗಿಸಿದರೆ ನೀರಿನ ರಭಸಕ್ಕೇ ಮರಳು ಹೋಗುತ್ತದಂತೆ. ಆಮೇಲೆ ನಾನೂ ಬಳ್ಳಾರಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಹುಡುಕಿ ನೋಡಿದೆ. ಬದಲಾವಣೆ ನಿಜ. ಆದರೆ ಅದು ರಾತ್ರೋರಾತ್ರಿ ಆದದ್ದಲ್ಲ. ಏಜೆಂಟ ಬೇವಿನ ಗಿಡದ ಕೆಳಗೆ ಗಂಜಿಯ ಕಥೆ ಹೇಳುತ್ತಿದ್ದಾಗಲೇ ಅಲ್ಲಿ ಬಹಳ ಬಾವಿಗಳಲ್ಲಿ ತೆಳ್ಳನೆಯ ನೀರು ಓಡುತ್ತಿತ್ತು. ಹಳಸಿದ ಗಂಜಿಯನ್ನು ನಮಗೆ ಬಿಸಿ ಬಿಸಿ ಎಂದು ಬಡಿಸಿ ಹೋದ!

ಗೌಡರು ಬಂದದ್ದು ಅದನ್ನು ಹೇಳುವುದಕ್ಕಲ್ಲ. ತಡವಾಗಿ ಬಿತ್ತಿದ ಹೊಲದ ಪಟ್ಟಿಯಲ್ಲಿ ಕಾಯಿ ಇನ್ನೂ ಎಳೆಯದಿತ್ತು, ಅದನ್ನಾದರೂ ಬಿಡಿಸಿ ಬಳ್ಳಾರಿ ಮಾರ್ಕೆಟ್ಟಿಗೆ ಕಳಿಸಬೇಕಿತ್ತು. ಸಿರುಗುಪ್ಪದ ಹೆಂಗಸರು ನಾಟಿಗೆ ಹೋಗಿಬಿಟ್ಟಿದ್ದರು. ಗುಂಪು ಕರಕೊಂಡು ಬಾ, ಈಗ ಯಾರದೂ ಅಡ್ಡಿಯಿಲ್ಲ, ಉಡಿಯಲ್ಲ, ಚೀಲ ತುಂಬಿಸಿಕೊಂಡು ಹೋಗ್ರಿ ಎಂದು ನಗುತ್ತ ಅವ್ವನಿಗೆ ಹೇಳಿದರು.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬರ್ತೀವ್ರಿ. ಮೊದ್ಲ ಆ ಕಳ್ಳಿ ಅನ್ನೋ ಮಾತು ವಾಪಸ್ ತಗೋರಿ. ನಾಲ್ಕು ಮಂದಿ ಮುಂದ ತಗೋರಿ."

"ನಾ ಎಲ್ಲಿ ಅಂದೀನಿ? ಅಂದಾವ ಅವ."

"ಅವ ಹೊರಗಿನಾವ, ಅವಗ ನಮ್ಮ ಪದ್ಧತಿ ಗೊತ್ತಿಲ್ಲ. ನಿಮಗ ಗೊತ್ತಿತ್ತು. ನೀವು ಫೋನ್ ನೋಡಿದ್ರಿ."

ಗೌಡರು ನನ್ನ ಕಡೆ ತಿರುಗಿ, ನಾಲ್ಕಕ್ಷರ ಕಲಿತವಳು ನೀನಾದರೂ ಹೇಳವ್ವಾ, ಇಷ್ಟು ಸಣ್ಣ ಮಾತನ್ನು ಎಳೆಯಬೇಕೇ ಎಂದು ಕೇಳಿದರು. ಸಣ್ಣ ಮಾತಾದರೆ ಆಡಿಬಿಡಿ, ನಿಮಗೂ ಭಾರವಾಗುವುದಿಲ್ಲ ಎಂದೆ. ಅವರು ಎದ್ದು ಹೋದರು. ಒಂದು ಮಾತು ಆಡುವುದಕ್ಕಿಂತ ಬೆಳೆ ಕಳೆದುಕೊಳ್ಳುವುದು ಅವರಿಗೆ ಸುಲಭವಾಯಿತು. ವಾರದೊಳಗೆ ಆ ಪಟ್ಟಿಗೆ ಕುರಿ ಬಿಟ್ಟರು. ಕುರಿಗಳನ್ನು ಯಾರೂ ಕಳ್ಳರು ಅನ್ನಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮಗೆ ಆನೆ ಕೊಡುವವರೂ ಬರಲಿಲ್ಲ. ಏಜೆಂಟ ಈಗ ಬೇರೆ ಯಾವ ಊರಿನಲ್ಲಿ ಯಾವ ಬೆಳೆಯ ವಿಡಿಯೋ ತೋರಿಸುತ್ತಿದ್ದಾನೋ. ಗೌಡರು ಎದುರು ಸಿಕ್ಕರೆ ಆರಾಮ ಅದೀಯೇನವ್ವಾ ಎಂದು ಏನೂ ಆಗದವರಂತೆ ಕೇಳುತ್ತಾರೆ. ಅವ್ವ ಈಗಲೂ ಗುಂಪು ನಡೆಸುತ್ತಾಳೆ. ಸಂಜೆ ಉಳಿದ ಹೆಂಗಸರು ಉಡಿ ತುಂಬಿಕೊಳ್ಳುವ ತನಕ ಬದುವಿನ ಮೇಲೆ ನಿಂತು ಕಾಯುತ್ತಾಳೆ, ತಾನು ಸೆರಗು ಹೊದ್ದುಕೊಂಡೇ ಬರುತ್ತಾಳೆ. ತಗೊಳ್ಳೇ ಅವ್ವಾ, ಇದು ಬೇರೆಯವರ ಹೊಲ ಎಂದು ನಾನು ಜಗಳ ಮಾಡಿ ಸೋತಿದ್ದೇನೆ.

ಹೋದ ತಿಂಗಳು ಕಣ್ಣು ತೋರಿಸಲು ಅವಳನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆ ಮುಗಿಸಿ ಮಾರ್ಕೆಟ್ಟಿಗೆ ಹೋದೆವು. ಬದನೆಕಾಯಿ ಮಾರುತ್ತಿದ್ದ ಮುದುಕಿ ತೂಕ ಮಾಡಿಕೊಟ್ಟು, ತಕ್ಕಡಿಯಾಚೆಯಿಂದ ಒಂದು ಹಿಡಿ ಹಸಿಮೆಣಸಿನಕಾಯಿಯನ್ನು ಕೊಸರು ಎಂದು ನಮ್ಮ ಚೀಲಕ್ಕೆ ಹಾಕಿದಳು. ಯಾವ ಗಿರಾಕಿಯೂ ಬೇಡವೆನ್ನದ ಕೊಸರು ಅದು. ಅವ್ವ ಚೀಲಕ್ಕೆ ಕೈಹಾಕಿ ಒಂದೊಂದೇ ಮೆಣಸಿನಕಾಯಿ ಆರಿಸಿ ಮುದುಕಿಯ ಬುಟ್ಟಿಗೆ ವಾಪಸು ಹಾಕಿದಳು. ಮುದುಕಿಗೆ ಬೇಸರವಾಯಿತು, ನಾನೇ ಕೊಟ್ಟೀನಲ್ಲವ್ವಾ ಅಂದಳು.

"ನೀ ಕೊಟ್ಟೀ ಅಂತ ನಿನಗ ಗೊತ್ತೈತಿ" ಅಂದಳು ಅವ್ವ. "ನೋಡೋರಿಗೆ ಗೊತ್ತಿರಲ್ಲ."