ಮೂರನೇ ತಿರುವು ನೀರು ಕುಡಿದ ರಾತ್ರಿ

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವನಲ್ಲ. ಆ ರಾತ್ರಿಯೂ ಕುಡಿದಿರಲಿಲ್ಲ. ನಿದ್ದೆಗೆಟ್ಟು ಕಣ್ಣು ಮಂಜಾಗಿರಬೇಕು ಎನ್ನುವವರು ಇದ್ದಾರೆ. ವರ್ಷಗಟ್ಟಲೆ ರಾತ್ರಿ ಹೊತ್ತು ಗಾಡಿ ಓಡಿಸಿದವನಿಗೆ ಒಂದು ರಾತ್ರಿಯ ನಿದ್ದೆ ಯಾವ ಮಹಾ? ಕಂಡದ್ದನ್ನೇ ಹೇಳುತ್ತಿದ್ದೇನೆ. ನಗುವುದಾದರೆ ನಗಿ, ನನಗೇನೂ ಬೇಸರವಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಈ ವಿಷಯ ಎತ್ತಿದರೆ ಯಾರೂ ನಗುವುದಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆಗ ಸಂತೆಕಟ್ಟೆಯಲ್ಲಿ ನನ್ನದೊಂದು ನೀರಿನ ಟ್ಯಾಂಕರ್ ಇತ್ತು. ಮದುವೆ ಮನೆ, ಕಟ್ಟಡದ ಕೆಲಸ, ಮಣಿಪಾಲದ ಹಾಸ್ಟೆಲುಗಳು... ಬೇಸಗೆ ಬಂತೆಂದರೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಅದರ ನಡುವೆ ಹಿರಿಯಡ್ಕದಿಂದ ಸ್ವಲ್ಪ ಒಳಗೆ, ಮರಗಿಡವಿಲ್ಲದ ಮುರಕಲ್ಲಿನ ಬಯಲು, ನಾವು ಪದವು ಎನ್ನುತ್ತೇವೆ, ಅದರ ಮೇಲೆ ನಡೆಯುವ ಬೈಕ್ ರೇಸಿಗೆ ನೀರು ಹಾಕುವ ಕೆಲಸ ಒಪ್ಪಿಕೊಂಡಿದ್ದೆ. ಡಾಂಬರಿನ ಮೇಲಿನ ರೇಸ್ ಅಲ್ಲ, ಮಣ್ಣಿನ ಟ್ರ್ಯಾಕ್. ಕಲ್ಲು ಆರಿಸಿ, ಬೇರೆ ಕಡೆಯಿಂದ ಕೆಂಪು ಮಣ್ಣು ತಂದು ಹರಡಿ, ನೀರು ಹಾಕಿ, ರೋಲರ್ ಓಡಿಸಿ ಮಾಡಿದ್ದು.

ನೋಡುವವರಿಗೆ ನೀರು ಹಾಕುವುದೇನು ಮಹಾ ಕೆಲಸ ಅನಿಸಬಹುದು. ಸ್ವಾಮೀ, ಇಡೀ ರೇಸ್ ನಿಂತಿರುವುದೇ ಅದರ ಮೇಲೆ. ಕಡಿಮೆ ಹಾಕಿದರೆ ಹತ್ತು ಬೈಕುಗಳು ಎಬ್ಬಿಸುವ ಧೂಳಿನಲ್ಲಿ ಹಿಂದಿನವನಿಗೆ ತನ್ನ ಕೈಯೇ ಕಾಣುವುದಿಲ್ಲ. ಹೆಚ್ಚು ಹಾಕಿದರೆ ಕೆಸರು. ಹಗಲಲ್ಲಿ ಹಾಕಿದ್ದನ್ನು ಬಿಸಿಲು ಎಳೆದುಕೊಳ್ಳುತ್ತದೆ, ಅದಕ್ಕಾಗಿ ರಾತ್ರಿಯೇ ಹಾಕಬೇಕು. ಎರಡು ಸುತ್ತು ಹಾಕಿ, ಮಣ್ಣು ಕುಡಿಯುವವರೆಗೆ ಕಾಯಬೇಕು. ಆಮೇಲೆ ಇಳಿದು ಹೋಗಿ ಒಂದು ಹಿಡಿ ಮಣ್ಣು ಕೈಯಲ್ಲಿ ಒತ್ತಿ ನೋಡಬೇಕು. ಉಂಡೆ ಕಟ್ಟಬೇಕು, ಅಂಗೈಗೆ ನೀರು ಅಂಟಬಾರದು. ಕಣ್ಣಿನಿಂದ ನೋಡಿ ತೀರ್ಮಾನ ಮಾಡುವ ಕೆಲಸ ಇದಲ್ಲ. ಇದನ್ನು ಹತ್ತು ಜನರಿಗೆ ಕಲಿಸಿದವನು ನಾನೇ.

ಆ ವರ್ಷ ನಾನು ಮತ್ತೆ ಆ ಕೆಲಸ ಒಪ್ಪಿದ್ದಕ್ಕೆ ಕಾರಣ ನನ್ನ ತಮ್ಮ ಸುಧಾಕರ. ಕಾಪುವಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ನಮ್ಮಿಬ್ಬರನ್ನು ದೊಡ್ಡವರನ್ನಾಗಿ ಮಾಡಿದವಳು. ಅವಳಿಗೆ ಅವನೆಂದರೆ ಪ್ರಾಣ, ನನಗೂ ಅಷ್ಟೇ. ಅವನಿಗೆ ಮಾತ್ರ ಬೈಕೆಂದರೆ ಪ್ರಾಣ. ಬೇಡ ಮಾರಾಯ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಕೊನೆಗೆ ನಾನೇ ಸೋತು, ಹೇಗೂ ಓಡಿಸುತ್ತಾನೆ, ಅವನ ದಾರಿಯಲ್ಲಿ ಧೂಳಿಲ್ಲದ ಹಾಗಾದರೂ ನಾನು ನೋಡಿಕೊಳ್ಳುತ್ತೇನೆ ಎಂದು ಹೊರಟೆ.

ಧೂಳಿಗೆ ನಾನು ಅಷ್ಟು ಹೆದರಲು ಕಾರಣ ಉಂಟು. ಹಿಂದಿನ ವರ್ಷ ಅದೇ ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಕಾರ್ಕಳ ಕಡೆಯ ಒಬ್ಬ ಸವಾರ ಬಿದ್ದ. ಬಿದ್ದದ್ದು ಹಿಂದಿನವರಿಗೆ ಕಾಣಲಿಲ್ಲ. ಧೂಳು ಇಳಿದ ಮೇಲೆ ನಾವು ಓಡಿದೆವು. ಅವನಿಗೆ ಪ್ರಜ್ಞೆ ಇತ್ತು. ಬಾಯಿ ತುಂಬಾ ಕೆಂಪು ಮಣ್ಣು. "ನೀರು... ನೀರು..." ಎಂದ. ಗಾಯವಾದವರಿಗೆ ನೀರು ಕೊಡಬಾರದು ಎಂದು ಯಾರೋ ಕೂಗಿದರು. ಕೂಗಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆಗಲೂ ನೀರಿನವನು ನಾನೇ. ನನ್ನ ಹಿಂದೆ ಟ್ಯಾಂಕರ್ ತುಂಬಾ ನೀರಿತ್ತು, ನಾನು ಕೈಕಟ್ಟಿ ನಿಂತಿದ್ದೆ. ಮಣಿಪಾಲದ ಆಸ್ಪತ್ರೆ ತಲುಪುವ ಮೊದಲೇ ಅವನು ಹೋಗಿಬಿಟ್ಟ.

ರೇಸಿನ ಹಿಂದಿನ ದಿನ, ಶನಿವಾರ ಸಂಜೆ, ರೋಲರಿನವನು ಕೆಲಸ ಮುಗಿಸಿ ಹೋದ. ಹೋಗುವ ಮೊದಲು ಮೂರನೇ ತಿರುವಿನ ಹೊರಗಿನ ಅಂಚಿಗೆ ರೋಲರ್ ಹಾಕಿಲ್ಲ, ದಂಡೆ ಕುಸಿದೀತು ಎಂದು ಹೇಳಿದ. ಆ ಹೊರ ಅಂಚೇ ನನ್ನ ತಮ್ಮನ ದಾರಿ. ಎಲ್ಲರೂ ತಿರುವಿನ ಒಳಗಿನಿಂದ ಹೋದರೆ ಇವನು ಹೊರಗಿನಿಂದ ಬೀಸಿಕೊಂಡು ಹೋಗಿ ಮುಂದಾಗುತ್ತಿದ್ದ. "ಅಣ್ಣ, ಮೂರನೇ ತಿರುವಿನ ಹೊರಗಡೆ ಸ್ವಲ್ಪ ಗಮನ ಕೊಡು" ಎಂದು ತುಳುವಿನಲ್ಲಿ ಮೂರು ಸಲ ಹೇಳಿ ಮನೆಗೆ ಹೋಗಿದ್ದ.

ರಾತ್ರಿ ಪದವಿನ ಮೇಲೆ ಉಳಿದದ್ದು ನಾನು ಮತ್ತು ಬಸಪ್ಪ. ಬಸಪ್ಪ ಗದಗ ಕಡೆಯವನು, ಐವತ್ತು ದಾಟಿದ ಮನುಷ್ಯ. ಊರಲ್ಲಿ ಹೊಲ ಉತ್ತವನು, ಇಲ್ಲಿ ಬಂದು ಕೂಲಿ ಮಾಡುತ್ತಿದ್ದ. ಟ್ಯಾಂಕರಿನ ಹಿಂದೆ ಬ್ಯಾಟರಿ ಹಿಡಿದು ನಡೆಯುವುದು, ನೀರು ಸುರಿಯುವ ಹಿಂದಿನ ಪೈಪಿನ ತೂತುಗಳಲ್ಲಿ ಪಾಚಿ ಕಟ್ಟಿಕೊಂಡರೆ ಕೊಡೆಯ ಕಡ್ಡಿಯಿಂದ ಚುಚ್ಚಿ ಬಿಡಿಸುವುದು ಅವನ ಕೆಲಸ. ಅಂಚಿಗೆ ನೀರು ಚಿಮ್ಮಲು ಪಕ್ಕದಲ್ಲಿ ಇನ್ನೊಂದು ಪೈಪ್ ಇತ್ತು. ಅದರ ವಾಲ್ವಿಗೆ ಕಟ್ಟಿದ ಹಗ್ಗವನ್ನು ನಾನು ಸೀಟಿನ ಪಕ್ಕಕ್ಕೇ ಎಳೆದುಕೊಂಡಿದ್ದೆ.

ನೀರು ಹತ್ತಿರದ ಹಳೆಯ ಕಲ್ಲುಕೋರೆಯದ್ದು. ಮೊದಲ ಟ್ಯಾಂಕ್ ಮುಗಿಯಿತು. ಹಸಿಮಣ್ಣಿನ ವಾಸನೆ ಪದವು ತುಂಬಾ ಹರಡಿತು. ಗಾಳಿ ಇಲ್ಲ. ದೂರದಲ್ಲಿ ಕಾರ್ಕಳ ರಸ್ತೆಯ ಲಾರಿಗಳ ಸದ್ದು ಆಗೊಮ್ಮೆ ಈಗೊಮ್ಮೆ.

ಎರಡನೇ ಟ್ಯಾಂಕ್ ತುಂಬಿಸಿಕೊಂಡು ಬಂದೆ. ಮೂರನೇ ತಿರುವಿನಲ್ಲಿ ಗಾಡಿ ತಿರುಗಿಸಿದಾಗ ಹೆಡ್‌ಲೈಟ್ ಹೊರ ಅಂಚಿನ ಮೇಲೆ ಬಿತ್ತು. ಒಂದು ಚಾಪೆಯಷ್ಟು ಜಾಗ ಬೆಳ್ಳಗೆ ಒಣಗಿತ್ತು. ಸುತ್ತ ಎಲ್ಲ ಕಪ್ಪುಗೆಂಪು, ಅದೊಂದು ಮಾತ್ರ ಬಿಳಿಚಿಕೊಂಡಿತ್ತು. ಹಗ್ಗ ಎಳೆದೆ. ಕಣ್ಣೆದುರೇ ನೀರು ಬಿತ್ತು, ಸುಂಯ್ ಎಂದು ಇಂಗಿತು.

ಮುಂದಿನ ಸುತ್ತಿಗೆ ಬಂದರೆ... ಮತ್ತೆ ಬೆಳ್ಳಗೆ.

"ಬಸಪ್ಪಾ, ಇಲ್ಲಿ ಎಂತ ಇದು? ನೀರೇ ನಿಲ್ಲುವುದಿಲ್ವಲ್ಲ?"

ಅವನು ಬ್ಯಾಟರಿ ಬೆಳಕು ಬಿಟ್ಟು ನೋಡಿದ. "ಎಲ್ರೀ ಅಣ್ಣಾರ? ಎಲ್ಲಾ ಹಸಿ ಐತಲ್ರೀ."

"ನಿನ್ನ ಕಣ್ಣು ಎಂತ ಮಾರಾಯ, ಮನೆಯಲ್ಲಿ ಇಟ್ಟು ಬಂದಿದ್ದೀಯಾ? ಬೆಳ್ಳಗೆ ಉಂಟು ನೋಡು!"

ನಾನು ಮತ್ತೆ ಹಗ್ಗ ಎಳೆದೆ. ಈ ಸಲ ಇಂಗುವ ಸದ್ದು ಸುಂಯ್ ಎಂದಾಗಿರಲಿಲ್ಲ. ತುಂಬಾ ಬಾಯಾರಿದವನು ಚೊಂಬು ಎತ್ತಿ ಕುಡಿಯುವಾಗ ಗಂಟಲು ಮಾಡುವ ಸದ್ದು. ಗಟ... ಗಟ... ಗಟ... ನಾನು ಇಂಜಿನ್ ಆಫ್ ಮಾಡಿ ಕಿವಿಗೊಟ್ಟೆ. ಆಮೇಲೂ ಸ್ವಲ್ಪ ಹೊತ್ತು ಕೇಳಿಸಿತು.

ಮೂರನೇ ಟ್ಯಾಂಕ್ ತಂದಾಗ ನಡುರಾತ್ರಿ ಕಳೆದಿತ್ತು. ಬಸಪ್ಪ ಆ ಅಂಚಿನಲ್ಲೇ ನನಗಾಗಿ ಕಾಯುತ್ತಿದ್ದ.

"ಅಣ್ಣಾರ, ಸಾಕ್ರೀ. ಕಾಲಿಟ್ರ ಹುಗೀತೈತಿ. ನೆಲ ಕೆಡಾಕತ್ತೈತ್ರೀ. ಬೇಕಾರ ನೀವ ಇಳದು ಬಂದು ನೋಡ್ರಿ."

ಅದೇ ಸರಿಯಾದ ಮಾತು. ಇಳಿಯುವುದು, ಒಂದು ಹಿಡಿ ಮಣ್ಣು ಒತ್ತಿ ನೋಡುವುದು, ಅಷ್ಟೇ. ಬಾಗಿಲು ತೆಗೆದು ಒಂದು ಕಾಲು ಮೆಟ್ಟಿಲ ಮೇಲಿಟ್ಟೆ.

ಆಗ ಮೂಗಿಗೆ ಧೂಳು ಬಡಿಯಿತು. ದೇವರಾಣೆ ಹೇಳುತ್ತೇನೆ, ಒಣ ಧೂಳು! ಹೊಟ್ಟೆಯವರೆಗೂ ಇಳಿಯುವಂಥ ನಡುಮಧ್ಯಾಹ್ನದ ಧೂಳು. ಹಲ್ಲಿನ ನಡುವೆ ಕರಕರ ಎಂದಿತು. ಹೆಡ್‌ಲೈಟಿನ ಬೆಳಕಿನಲ್ಲಿ ಅದು ಮೆಲ್ಲಗೆ ಏಳುತ್ತಿತ್ತು, ಆಗತಾನೇ ಯಾರೋ ಅಲ್ಲಿ ಬಿದ್ದು ಎದ್ದ ಹಾಗೆ. ಜೊತೆಗೆ ಸುಟ್ಟ ಕ್ಲಚ್ಚಿನ ವಾಸನೆ. ನಾನು ಕೆಮ್ಮಿದೆ.

"ಬಸಪ್ಪಾ... ಧೂಳು... ಧೂಳು ಕಾಣುವುದಿಲ್ವಾ ನಿನಗೆ?"

"ಧೂಳು ಎಲ್ಲೈತ್ರೀ? ಇಬ್ಬನಿ ಬೀಳಾಕತ್ತೈತಿ." ಅವನ ದನಿ ಸಣ್ಣಗಾಗಿತ್ತು. ಧೂಳಿಗೆ ಹೆದರಿದ್ದಲ್ಲ, ನನ್ನ ಮುಖ ನೋಡಿ ಹೆದರಿದ್ದ.

ನಾನು ಕಾಲು ಒಳಗೆಳೆದುಕೊಂಡೆ. ಬಾಗಿಲು ಹಾಕಿದೆ. ಗಾಜು ಏರಿಸಿದೆ. ಅಲ್ಲಿಂದ ಮುಂದೆ ಬೆಳಗಾಗುವವರೆಗೆ ನಾನು ಆ ತಿರುವಿನಲ್ಲಿ ಕೆಳಗಿಳಿಯಲಿಲ್ಲ. ಹೆದರಿದೆ ಎಂದು ಒಪ್ಪಿಕೊಳ್ಳಲು ನನಗೀಗ ನಾಚಿಕೆ ಇಲ್ಲ. ಆಗ ಇತ್ತು. ಅದನ್ನು ಮುಚ್ಚಿಕೊಳ್ಳಲು ಆ ಬಡಪಾಯಿಯ ಮೇಲೆ ರೇಗಿದೆ.

"ಘಟ್ಟದ ಮೇಲಿನವರಿಗೆ ಒಂದು ಕೊಡ ನೀರು ಕಂಡರೂ ಕೆರೆ ಕಂಡ ಹಾಗೆ. ನನಗೆ ಕಲಿಸಲಿಕ್ಕೆ ಬರಬೇಡ ನೀನು!"

"ಮಣ್ಣು ನಮಗೂ ಗೊತ್ತೈತ್ರೀ ಅಣ್ಣಾರ" ಎಂದ ಬಸಪ್ಪ. ಕೊಡೆಯ ಕಡ್ಡಿಯನ್ನು ಟ್ಯಾಂಕರಿನ ಹಿಂದೆ ಸಿಕ್ಕಿಸಿ, ಬ್ಯಾಟರಿ ಹಿಡಿದುಕೊಂಡು, ಹಿರಿಯಡ್ಕದ ಕಡೆಗೆ ನಡೆದುಹೋದ. ನಾನು ಕರೆಯಲಿಲ್ಲ. ಅವನ ಬೆಳಕು ಸಣ್ಣದಾಗುತ್ತಾ ಹೋಗಿ ಕಾಣದಾಯಿತು. ಪದವಿನ ಮೇಲೆ ನಾನೊಬ್ಬನೇ.

ಒಬ್ಬನೇ ಕೂತಾಗ ತಲೆ ಬೇಡದ್ದನ್ನೆಲ್ಲ ಯೋಚಿಸುತ್ತದೆ. ಕಳೆದ ವರ್ಷ ಆ ಕಾರ್ಕಳದ ಸವಾರ ಬಿದ್ದದ್ದು ಈ ಅಂಚಿನಲ್ಲೇ. ನೀರು ಕೇಳಿದ್ದು ಇಲ್ಲೇ. ಕೊಡದೆ ನಿಂತದ್ದು ನಾನೇ. ಕುಡಿಯುತ್ತಿರುವುದು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾಳೆ ಇದೇ ಜಾಗದ ಮೇಲೆ ನನ್ನ ಸುಧಾಕರ ಬರುತ್ತಾನೆ.

ಮೂರನೆಯದನ್ನು ಅಲ್ಲೇ ಖಾಲಿ ಮಾಡಿ ನಾಲ್ಕನೇ ಟ್ಯಾಂಕ್ ತಂದೆ. ಈ ಸಲ ಸುತ್ತು ಹೊಡೆಯಲೇ ಇಲ್ಲ. ನೇರ ಮೂರನೇ ತಿರುವಿಗೆ ಹೋಗಿ, ಒಳಗಿನ ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಹಗ್ಗ ಎಳೆದು ಸೀಟಿನ ಕಂಬಿಗೆ ಕಟ್ಟಿಬಿಟ್ಟೆ. ಆ ಬಿಳಿಯ ಜಾಗವನ್ನು ನೋಡುತ್ತಾ ಕೈಮುಗಿದು ಕೂತೆ.

"ಕುಡಿ ಮಾರಾಯಾ... ಎಷ್ಟು ಬೇಕೋ ಅಷ್ಟು ಕುಡಿ. ಅಂದು ಕೊಡಲಿಲ್ಲ, ನನ್ನದು ತಪ್ಪಾಯಿತು. ನನ್ನ ತಮ್ಮನನ್ನು ಮಾತ್ರ ಬಿಟ್ಟುಬಿಡು. ನಿನ್ನ ದಮ್ಮಯ್ಯ."

ಗಟ... ಗಟ... ಗಟ... ಗಾಜು ಹಾಕಿದ್ದರೂ ಕೇಳುತ್ತಿತ್ತು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಟ್ಯಾಂಕಿನ ನೀರು ತಳ ಮುಟ್ಟುವ ಹೊತ್ತಿಗೆ ಸದ್ದು ನಿಧಾನವಾಯಿತು. ಕೊನೆಗೊಂದು ಉಸಿರು ಬಿಟ್ಟ ಹಾಗಾಯಿತು... ಅಷ್ಟೇ. ನೋಡುತ್ತಿದ್ದ ಹಾಗೇ ಆ ಬಿಳಿಯ ಜಾಗ ಅಂಚಿನಿಂದ ಶುರುವಾಗಿ ಕಪ್ಪಾಗುತ್ತಾ ಬಂತು. ಸುತ್ತಲಿನ ಮಣ್ಣಿನ ಬಣ್ಣಕ್ಕೆ ಕೂಡಿಕೊಂಡಿತು. ಹಸಿಮಣ್ಣಿನ ವಾಸನೆ ತಿರುಗಿ ಬಂತು.

ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಒಪ್ಪಿಕೊಂಡ, ಬಿಟ್ಟುಕೊಟ್ಟ ಎಂದುಕೊಂಡೆ. ಅಷ್ಟು ಹಗುರಾದದ್ದು ಅದೇ ಕೊನೆ.

ಬೆಳಿಗ್ಗೆ ಬಿಸಿಲು ಏರಿದಾಗ ಟ್ರ್ಯಾಕ್ ಹೇಗಿತ್ತೆಂದರೆ, ಬಂದವರೆಲ್ಲ ನನ್ನ ಬೆನ್ನು ತಟ್ಟಿದರು. ಮೂರನೇ ತಿರುವಿನ ಹೊರ ಅಂಚೂ ಎಲ್ಲದರ ಹಾಗೆಯೇ ಕಂಡಿತು, ತೆಳ್ಳಗೆ ಆರಿ, ನಯವಾಗಿ. ನಾನು ದೂರದಿಂದ ನೋಡಿದೆ. ಕಾಲಿಟ್ಟು ನೋಡಲಿಲ್ಲ... ಹಗಲಾದರೂ ಅಲ್ಲಿಗೆ ಹೋಗಲು ಕಾಲು ಬರಲಿಲ್ಲ.

ಸುಧಾಕರ ಹೆಲ್ಮೆಟ್ ಕೈಯಲ್ಲಿ ಹಿಡಿದು ಬಂದ. "ಅಣ್ಣ, ಮೂರನೇ ತಿರುವು ಹೇಗುಂಟು?"

"ರಾತ್ರಿ ಇಡೀ ಅದಕ್ಕೇ ನೀರು ಹಾಕಿದ್ದೇನೆ. ಧೂಳಿನ ಹೆದರಿಕೆ ಇಲ್ಲ. ಆರಾಮಾಗಿ ಹೋಗು."

ಮೊದಲ ಎರಡು ರೇಸುಗಳಲ್ಲಿ ಎಲ್ಲರೂ ಒಳಗಿನಿಂದಲೇ ಹೋದರು. ಮೂರನೆಯದರಲ್ಲಿ ನನ್ನ ತಮ್ಮನಿದ್ದ. ಎರಡನೇ ಸುತ್ತಿನಲ್ಲಿ ಅವನು ಹೊರಗಿನಿಂದ ಬೀಸಿಕೊಂಡು ಬಂದ. ಮೇಲಿನ ಒಣ ಪದರ ಒಡೆಯಿತು. ಅಡಿಯಲ್ಲಿ ಮೊಣಕಾಲುದ್ದ ಕೆಸರಿತ್ತು. ಮುಂದಿನ ಚಕ್ರ ಹೂತುಹೋಗಿ ಬೈಕ್ ಅವನನ್ನು ಎತ್ತಿ ಒಗೆಯಿತು. ಆ ದಿನ ಟ್ರ್ಯಾಕಿನಲ್ಲಿ ಒಂದು ಚೂರೂ ಧೂಳಿರಲಿಲ್ಲ. ಅವನು ಬೀಳುವುದನ್ನು ನಾವೆಲ್ಲರೂ ಸ್ಪಷ್ಟವಾಗಿ ನೋಡಿದೆವು.

ಜೀವ ಉಳಿಯಿತು. ಸೊಂಟದಿಂದ ಕೆಳಗೆ ಉಳಿಯಲಿಲ್ಲ.

ಬಸಪ್ಪನನ್ನು ಆಮೇಲೆ ಒಮ್ಮೆ ಸಂತೆಕಟ್ಟೆಯಲ್ಲಿ ನೋಡಿದೆ. ಅವನು ನನ್ನನ್ನು ದೂರಲಿಲ್ಲ. ನನ್ನ ಕೈ ಹಿಡಿದು, "ಅಣ್ಣಾರ, ಅವತ್ತು ನಿಮಗ ಏನ್ ಕಂಡಿತ್ರೀ?" ಎಂದು ಮೆಲ್ಲಗೆ ಕೇಳಿದ. ನಾನು ಹೇಳಿದೆ, ನಿಮಗೆ ಹೇಳಿದಷ್ಟೂ ಹೇಳಿದೆ. ಅವನು ತಲೆ ಅಲ್ಲಾಡಿಸಿದ. "ನನಗ ಮೊದಲಿಂದ ಕೆಸರ ಕಂಡಿದ್ದು" ಎಂದ. ಅವನ ಕಣ್ಣಿಗೆ ಕೆಸರು ಕಾಣಿಸಿದ ನೆಲವನ್ನು ನನ್ನ ಕಣ್ಣಿಗೆ ಒಣಗಿಸಿ ತೋರಿಸಿದ್ದು ಯಾರು? ಬಿದ್ದವನೋ, ನನ್ನ ಹೆದರಿಕೆಯೋ? ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಈಗಲೂ ಕೆಲವು ರಾತ್ರಿ ಎದ್ದಾಗ ಹಲ್ಲಿನ ನಡುವೆ ಮಣ್ಣು ಕರಕರ ಎನ್ನುತ್ತದೆ. ಎದ್ದು ಬಾಯಿ ತೊಳೆಯುತ್ತೇನೆ. ತೊಳೆದ ನೀರು ಯಾವ ಬಣ್ಣದ್ದೆಂದು ದೀಪ ಹಾಕಿ ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಸುಧಾಕರ ಮನೆಯಲ್ಲೇ ಮಲಗಿರುತ್ತಾನೆ. ನನ್ನನ್ನು ಒಂದು ದಿನವೂ ಬೈದವನಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಮ್ಮೆ ಅವನ ಮೈ ಒರೆಸುತ್ತಿದ್ದಾಗ ಅವನೇ ಆ ಮಾತು ತೆಗೆದ, ನಗುತ್ತಲೇ.

"ಅಣ್ಣ, ಬೇರೆ ಯಾರಾದರೂ ನೀರು ಹಾಕಿದ್ದರೆ ಆ ತಿರುವಿನಲ್ಲಿ ನಾನು ಬ್ರೇಕ್ ಹಿಡಿಯುತ್ತಿದ್ದೆ."