ಎತ್ತರದಿಂದ ತೋಳಿನ ಅಳತೆ

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಯೂನಿಫಾರ್ಮ್ ಹೊಲಿಯುವ ಒಂದು ಕಂಪನಿಗೆ ಸೇರಿದೆ. ಆರ್ಡರ್ ನೋಡಿಕೊಳ್ಳುವ ಕೆಲಸ. ಮಾಲೀಕರು ನಮ್ಮ ಉಡುಪಿ ಕಡೆಯವರೇ.

ಒಮ್ಮೆ ಕಲ್ಯಾಣದ ಕಾಲೇಜೊಂದರಿಂದ ಹುಡುಗಿಯರ ಲ್ಯಾಬ್ ಕೋಟುಗಳಿಗೆ ಆರ್ಡರ್ ಬಂತು. ಎದೆಯ ಸುತ್ತಳತೆ, ಎತ್ತರ ಎರಡೂ ಕಳಿಸಿದ್ದರು. ತೋಳಿನ ಉದ್ದ ಇರಲಿಲ್ಲ. ಕಾಲೇಜಿಗೆ ರಜೆ, ಹುಡುಗಿಯರು ಕೈಗೆ ಸಿಗುವ ಹಾಗಿಲ್ಲ. ಹಿಂದೆ ಹೀಗೇ ಎದೆಯ ಸೈಜು ನೋಡಿ ತೋಳು ಕತ್ತರಿಸಿದ್ದಕ್ಕೆ ಕೋಟುಗಳು ಕಟ್ಟುಗಟ್ಟಲೆ ವಾಪಸು ಬಂದಿದ್ದವು. ಸಪೂರ, ಉದ್ದ ಹುಡುಗಿಯರ ಮಣಿಕಟ್ಟು ಹೊರಗೆ. ಕುಳ್ಳಗೆ, ದಪ್ಪಗೆ ಇದ್ದವರ ಬೆರಳು ಒಳಗೆ.

"ಎತ್ತರ ಗೊತ್ತಿದ್ದರೆ ತೋಳು ಅಂದಾಜು ಮಾಡಬಹುದು," ಎಂದು ಮಾಲೀಕರಿಗೆ ಅಂದೆ. ಬಿ.ಎಸ್ಸಿ.ಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ್ದೆ. ಮದುವೆಯಾದ ಮೇಲೆ ಅದು ಯಾರಿಗೂ ಬೇಕಾಗಿರಲಿಲ್ಲ.

"ಎಂತ ಮಾರಾಯ್ರೆ, ಅಳತೆ ತೆಗೆಯದೆ ಕತ್ತರಿ ಹಾಕುದಾ?"

"ಅಳತೆ ತೆಗೀತೇನೆ. ಅವರದ್ದಲ್ಲ, ಬೇರೆಯವರದ್ದು."

ಅವರು ಗೋಡೆಯ ಕ್ಯಾಲೆಂಡರ್ ನೋಡಿ, "ಒಂದು ವಾರ ಕೊಡ್ತೇನೆ," ಅಂದರು.

ಬೇರೆಯವರೆಂದರೆ ಮೊದಲು ನಾನು ದಿನಾ ಬರುವ ಲೋಕಲ್ ರೈಲಿನ ಲೇಡೀಸ್ ಡಬ್ಬದ ಗೆಳತಿಯರು. ಗಾಡಿಯೊಳಗೆ ಕೈ ಎತ್ತಲೂ ಜಾಗವಿರುವುದಿಲ್ಲ. ಹಾಗಾಗಿ ಥಾಣೆಯಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಕೊನೆಯ ಕಂಬಕ್ಕೆ ಬೆನ್ನು ತಾಗಿಸಿ, ಚಪ್ಪಲಿ ಕಳಚಿ ನಿಂತರು. ಬದಲಾಪುರದಿಂದ ಬರುವ ಹಿರಿಯ ಮರಾಠಿ ಹೆಂಗಸು, ನಾವೆಲ್ಲ ಅಕ್ಕ ಎಂಬ ಅರ್ಥದಲ್ಲಿ 'ತಾಈ' ಎನ್ನುತ್ತಿದ್ದವರು, ಸಾಲು ನಿಲ್ಲಿಸಿದರು. ನಾನು ಟೇಪು ಹಿಡಿದೆ. ರೈಲ್ವೆಯ ಮಹಿಳಾ ಪೊಲೀಸೊಬ್ಬಳು ಲಾಠಿ ಆಡಿಸುತ್ತ ಬಂದು, "ಏನು ನಡೀತಿದೆ ಇಲ್ಲಿ?" ಎಂದಳು. ವಿಷಯ ಕೇಳಿ ನಗುತ್ತ ಬೂಟು ಬಿಚ್ಚಿ ತಾನೂ ನಿಂತಳು! ನಾಲ್ಕೈದು ದಿನ ಹೀಗೇ ನಡೆಯಿತು. ಗೆಳತಿಯರ ಕಾಲೇಜು ಓದುವ ಹೆಣ್ಣುಮಕ್ಕಳೂ ಸೇರಿಕೊಂಡರು.

ಭಾನುವಾರ ಡೊಂಬಿವಲಿಯ ಮನೆಯಲ್ಲಿ ಗ್ರಾಫ್ ಹಾಳೆ ಹರಡಿ, ಎತ್ತರ ಅಡ್ಡಕ್ಕೆ, ತೋಳು ಮೇಲಕ್ಕೆ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ ಇಟ್ಟೆ. ಮರೆತಿದ್ದ ಸೂತ್ರವನ್ನು ನೆನಪು ಮಾಡಿಕೊಂಡು ಚುಕ್ಕಿಗಳ ನಡುವೆ ಗೆರೆ ಎಳೆದೆ. ಮಗಳು ಬಗ್ಗಿ ನೋಡಿ, "ಮಮ್ಮೀ, ಯೇ ಲೈನ್ ತೋ ಕಿಸೀ ಕೋ ಟಚ್ ಹೀ ನಹೀ ಕರ್ತೀ!" ಎಂದಳು. ಗೆರೆ ಯಾರನ್ನೂ ಮುಟ್ಟುವುದೇ ಇಲ್ಲ ಎಂಬುದು ಅವಳ ತಕರಾರು.

"ಒಬ್ಬರನ್ನು ಮುಟ್ಟಲು ಹೋದರೆ ಇನ್ನೊಬ್ಬರಿಂದ ದೂರವಾಗ್ತದೆ ಮಗಾ. ಎಲ್ಲರನ್ನೂ ಸೇರಿಸಿ ನೋಡಿದರೆ ಆದಷ್ಟು ಹತ್ತಿರ ಇರಬೇಕು, ಅಷ್ಟೇ."

ಒಂದು ಚುಕ್ಕಿ ಮಾತ್ರ ತೀರ ಕೆಳಗೆ ಬಿದ್ದಿತ್ತು. ಅದು ತಾಈಯದು, ಆಳು ಎತ್ತರ, ಕೈ ಗಿಡ್ಡ. ಮರುದಿನ ಹೇಳಿದರೆ ಅವರು, "ನನ್ನನ್ನು ತೆಗೆದುಬಿಡು, ನಿನ್ನ ಗೆರೆ ಚೆಂದ ಬರ್ತದೆ," ಎಂದರು.

"ಇಲ್ಲ ತಾಈ, ನೀವು ಇರಲೇಬೇಕು. ಕಲ್ಯಾಣದಲ್ಲೂ ನಿಮ್ಮಂಥವಳು ಒಬ್ಬಳು ಇರ್ತಾಳೆ."

ಪ್ರತಿ ಹುಡುಗಿಯ ಎತ್ತರವನ್ನು ಆ ಗೆರೆಗೆ ಹಿಡಿದು ತೋಳಿನ ಉದ್ದ ಬರೆದುಕೊಟ್ಟೆ. ಅಂದಾಜು ತಪ್ಪಿದವರಿಗೆ ಇರಲಿ ಎಂದು ತೋಳಿನ ಅಂಚಿನಲ್ಲಿ ಒಳಮಡಿಕೆಗೆ ಬಟ್ಟೆ ಹೆಚ್ಚು ಬಿಡಲು ಹೇಳಿದೆ. ಕತ್ತರಿ ಬಟ್ಟೆಗೆ ಬೀಳುವಾಗ ಮೇಜಿನ ಪಕ್ಕದಲ್ಲೇ ನಿಂತು ಒಂದೊಂದು ತೋಳನ್ನೂ ಪಟ್ಟಿಗೆ ಹೋಲಿಸಿ ನೋಡಿದೆ.

ಕಾಲೇಜು ತೆರೆದ ದಿನ ಕೋಟುಗಳ ಜೊತೆ ನಾನೇ ಕಲ್ಯಾಣಕ್ಕೆ ಹೋದೆ. ಹುಡುಗಿಯರು ಹಾಕಿಕೊಂಡು ಕೈ ಮುಂದೆ ಚಾಚಿದರು. ಸಾಲಾಗಿ, ಬಿಳಿ ತೋಳುಗಳೆಲ್ಲ ಮಣಿಕಟ್ಟಿಗೆ ಬಂದು ನಿಂತಿದ್ದವು. ಕೆಲವೇ ಕೆಲವನ್ನು ಸರಿಮಾಡಲು ವಾಪಸು ತೆಗೆದುಕೊಂಡೆ.

ಉದ್ದನೆಯ ಹುಡುಗಿಯೊಬ್ಬಳು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ರೆಡಿಮೇಡ್ ಯಾವತ್ತೂ ನನಗೆ ಸಾಲೋದಿಲ್ಲ ಆಂಟಿ. ನಮ್ಮ ಅಳತೆ ಯಾರೂ ತೆಗೆದಿರಲಿಲ್ಲವಲ್ಲ, ಹೇಗೆ ಗೊತ್ತಾಯ್ತು?"

"ಲೆಕ್ಕ ಹಾಕಿದೆ," ಅಂದೆ. "ನಾನೇ."

ಸ್ಟೇಷನ್ನಿಗೆ ಬಂದು, ವಾಶಿಯ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತಿದ್ದ ಗಂಡನಿಗೆ ಫೋನ್ ಮಾಡಿ, ನನ್ನ ಲೆಕ್ಕ ಸರಿಬಂತು ಎಂದೆ. ಅಲ್ಲಿನ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ತುಳುವಿನಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.