ಜವರಯ್ಯ ಕಟ್ಟಿದ ನಲವತ್ತೊಂಬತ್ತು ಕಂತು

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಬಾಬುರಾಯನಕೊಪ್ಪಲಿನ ಹೆದ್ದಾರಿ ಪಕ್ಕದ ಟೀ ಅಂಗಡಿಯ ಮುಂದೆ ಬಿಳಿ ವ್ಯಾನೊಂದು ಹಿಂಬಾಗಿಲು ತೆರೆದುಕೊಂಡು ನಿಂತಿದೆ. ಬೆಂಗಳೂರಿನಿಂದ ಬಂದ ಪತ್ರಿಕೆಯ ಲಾರಿ ಎಂಜಿನ್ ಕೂಡ ಆರಿಸದೆ ಬಂಡಲುಗಳನ್ನು ಇಳಿಸುತ್ತಿದೆ. ಕಿವಿಗೆ ಮಫ್ಲರ್ ಸುತ್ತಿಕೊಂಡ, ಖಾಕಿ ಅಂಗಿಯ ಗಿಡ್ಡ ಮನುಷ್ಯರೊಬ್ಬರು ಒಂದೊಂದನ್ನೇ ಎದೆಗೊತ್ತಿಕೊಂಡು ತಂದು ವ್ಯಾನಿನೊಳಗೆ ಜೋಡಿಸುತ್ತಾರೆ. ನಾಗಮಂಗಲದ್ದು ಎಲ್ಲಕ್ಕಿಂತ ಒಳಗೆ, ಅದರ ಮುಂದೆ ಕೆ.ಆರ್. ಪೇಟೆಯದು, ಬಾಗಿಲ ಹತ್ತಿರ ಪಾಂಡವಪುರದ್ದು.

"ಅರವತ್ನಾಕು ಐತಲ್ಲ. ಚೀಟೀಲಿ ಅರವತ್ಮೂರು ಬರ್ದವ್ರೆ. ಒಂದ್ ಜಾಸ್ತಿ ಬಂದೈತೆ, ವಾಪಸ್ ತಕ್ಕೊಳಪ್ಪ," ಎಂದು ಲಾರಿಯವನಿಗೆ ಒಂದು ಬಂಡಲು ಹಿಂತಿರುಗಿಸಿ, ಸ್ಟಿಯರಿಂಗ್ ಹಿಂದೆ ಕೂತು, ಮೀಟರಿನ ಕಿಲೋಮೀಟರನ್ನು ಉದ್ದನೆಯ ಪುಸ್ತಕವೊಂದರಲ್ಲಿ ಬರೆದುಕೊಳ್ಳುತ್ತಾರೆ. ಆಮೇಲಷ್ಟೇ ವ್ಯಾನು ಹೊರಡುತ್ತದೆ.

ಇವರು ಜವರಯ್ಯ. ವಯಸ್ಸು ನಲವತ್ತೇಳು. ನೀವು ಪಾಂಡವಪುರದಲ್ಲೋ ನಾಗಮಂಗಲದಲ್ಲೋ ಕೂತು ಈ ಪುರವಣಿ ಓದುತ್ತಿದ್ದರೆ ಇದನ್ನು ನಿಮ್ಮ ಊರಿಗೆ ತಂದವರು ಇವರೇ. ದಿನಕ್ಕೆ ನೂರಮೂವತ್ತು ಕಿಲೋಮೀಟರು, ಇಪ್ಪತ್ತಮೂರು ಕಡೆ ನಿಲುಗಡೆ, ಹತ್ತಿರಹತ್ತಿರ ನಾಲ್ಕು ಸಾವಿರದ ಇನ್ನೂರು ಪತ್ರಿಕೆ. 1993ರ ಜನವರಿಯಿಂದ ಈ ನವೆಂಬರಿನವರೆಗೆ, ಸುಮಾರು ಆರು ವರ್ಷಗಳಲ್ಲಿ, ಈ ದಾರಿಯಲ್ಲಿ ಪತ್ರಿಕೆ ತಲುಪದೆ ಹೋದದ್ದು ಮೂರೇ ದಿನ. ಎರಡು ದಿನ ಬಂದ್. ಒಂದು ದಿನ ಆಕ್ಸಲ್ ಮುರಿದಿತ್ತು.

"ಇಲ್ಲಿ ಐದ್ ನಿಮಿಷ ತಡ ಆದ್ರೆ ನಾಗಮಂಗಲ್ದಲ್ಲಿ ಅರ್ಧ ಗಂಟೆ ಆಯ್ತದೆ ಸಾ. ಮುಂದ್ಕೋದಂಗೆಲ್ಲಾ ಕಬ್ಬಿನ ಗಾಡಿ ಅಡ್ಡ ಸಿಕ್ತವೆ," ಎನ್ನುತ್ತಾ ಅವರು ಕ್ಯಾತನಹಳ್ಳಿ ಕಡೆಯಿಂದ ಸಾಲಾಗಿ ಬರುತ್ತಿರುವ ಎತ್ತಿನ ಗಾಡಿಗಳಿಗೆ ಲೈಟು ಇಳಿಸಿ ದಾರಿ ಬಿಡುತ್ತಾರೆ. ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಹಿಡಿದು ನಿಂತವರು ಗಡಿಯಾರ ನೋಡುವುದಿಲ್ಲ. ಜವರಯ್ಯನ ಹಾರ್ನ್ ಕೇಳಿದರೆ ಐದೂ ಇಪ್ಪತ್ತು ಎಂದೇ ಲೆಕ್ಕ.

ಈ ವ್ಯಾನು ಅವರ ಕೈಗೆ ಬಂದ ಕಥೆಯನ್ನು ಕೆ.ಆರ್. ಪೇಟೆ ದಾಟುವವರೆಗೂ ಹೇಳುತ್ತಲೇ ಇದ್ದರು.

ಹನ್ನೆರಡು ವರ್ಷದ ಹಿಂದೆ ಜವರಯ್ಯ ಎಂದರೆ ಶಾಮಿಯಾನದ ಜವರಯ್ಯ. ಹನ್ನೆರಡು ಕುರ್ಚಿ, ಎರಡು ಗ್ಯಾಸ್‌ಲೈಟಿನಿಂದ ಶುರುಮಾಡಿದ ಬಾಡಿಗೆ ಅಂಗಡಿ ಆರುನೂರು ಕುರ್ಚಿ, ಸಾವಿರ ಜನಕ್ಕೆ ಅಡುಗೆಯಾಗುವ ಪಾತ್ರೆಗಳವರೆಗೆ ಬೆಳೆದಿತ್ತು. 1990ರ ಕೊನೆಯಲ್ಲಿ ಮದುವೆ ಹೆಣ್ಣು ಗಂಡು ಕೂರಿಸಲೆಂದು ಶ್ರೀರಂಗಪಟ್ಟಣದ ಒಂದು ಬ್ಯಾಂಕಿನಲ್ಲಿ ಸಾಲ ಮಾಡಿ ಡೀಸೆಲ್ ಅಂಬಾಸಿಡರ್ ಕಾರು ತಂದರು. ಹದಿನಾಲ್ಕು ತಿಂಗಳು ಕಂತು ಸರಿಯಾಗಿ ಕಟ್ಟಿದರು. 1992ರ ಫೆಬ್ರವರಿಯ ಒಂದು ಮಧ್ಯಾಹ್ನ ಅವರು ಕೆ.ಆರ್. ಪೇಟೆಯಲ್ಲಿ ಚಪ್ಪರ ಕಟ್ಟಿಸುತ್ತಿದ್ದಾಗ, ಇತ್ತ ಗೋಡೌನಿನಲ್ಲಿ ವಿದ್ಯುತ್ ತಂತಿಯಿಂದ ಬೆಂಕಿ ಹತ್ತಿತು. ಬಟ್ಟೆ, ಬಿದಿರು, ಮರದ ಕುರ್ಚಿ ಎಲ್ಲ ಹೋಯಿತು. ವಿಮೆ ಮಾಡಿಸಿರಲಿಲ್ಲ.

ಬಟ್ಟೆ, ಕುರ್ಚಿ, ಪಾತ್ರೆ ಕೊಟ್ಟ ಹನ್ನೊಂದು ಅಂಗಡಿಯವರಿಗೆ ದುಡ್ಡು ಬಾಕಿ ಇತ್ತು. ಕೊನೆಗೆ ವಿಷಯ ಕೋರ್ಟಿಗೆ ಹೋಗಿ, ಆ ವರ್ಷದ ಡಿಸೆಂಬರಿನಲ್ಲಿ ಜವರಯ್ಯ ದಿವಾಳಿ ಎಂದು ಆದೇಶವಾಯಿತು. ಉಳಿದಿದ್ದ ಒಂದು ಸೈಟು ಮಾರಿ, ಬಂದ ಹಣವನ್ನು ಅಂಗಡಿಯವರಿಗೆ ಹಂಚಿದರು. ಊರಿನಲ್ಲಿ ಶಾಮಿಯಾನದ ಜವರಯ್ಯ ಹೋಗಿ ಪಾಪರ್ ಜವರಯ್ಯ ಎಂಬ ಹೆಸರು ಬಂತು.

ಕಾರು ಮಾತ್ರ ಬ್ಯಾಂಕಿಗೆ ಅಡಮಾನವಾಗಿದ್ದರಿಂದ ಆ ಹಂಚಿಕೆಗೆ ಸೇರಲಿಲ್ಲ. ಬ್ಯಾಂಕು ಎಳೆದುಕೊಂಡು ಹೋಗಬಹುದಿತ್ತು. ಜವರಯ್ಯ ತಾವೇ ಹೋಗಿ ಮ್ಯಾನೇಜರ ಮುಂದೆ ನಿಂತರು.

"ಕಾರೊಂದ ಬುಟ್ಬುಡಿ ಸಾ, ಬಡ್ಡಿ ಸಮೇತ ಕಟ್ತೀನಿ ಅಂದೆ. ಏನ್ ಮಾಡಿ ಕಟ್ಟೀಯಪ್ಪ ಅಂದ್ರು. ಗೊತ್ತಿಲ್ಲ ಸಾ, ಆದ್ರೆ ಕಟ್ತೀನಿ ಅಂದೆ. ಒಳ್ಳೇ ಮನುಸ, ಕಟ್ಟೋಗಂಟ ಇಟ್ಕೋ ಅಂದ್ಬುಟ್ರು."

ಅದೇ ವಾರ ಪತ್ರಿಕೆ ಏಜೆಂಟ್ ನಿಂಗರಾಜು ಮೂರು ತಾಲ್ಲೂಕಿಗೆ ಬಂಡಲು ಒಯ್ಯಲು ಗಾಡಿ ಹುಡುಕುತ್ತಿದ್ದರು. ಮದುವೆ ಗಂಡು ಕೂರುತ್ತಿದ್ದ ಹಿಂದಿನ ಸೀಟನ್ನು ಜವರಯ್ಯ ಬಿಚ್ಚಿಸಿ ಹಾಕಿದರು. ಕಿಲೋಮೀಟರಿಗೆ ಎರಡೂಕಾಲು ರೂಪಾಯಿ ಬಾಡಿಗೆ. ಹೆಂಡತಿ ಚಲುವಮ್ಮ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕಿ ಮನೆ ನೋಡಿಕೊಂಡರು. ಬಾಡಿಗೆಯಲ್ಲಿ ಡೀಸೆಲ್ ಕಳೆದು ಉಳಿದದ್ದರಲ್ಲಿ ಮೊದಲು ಕಂತು. ತಿಂಗಳಿಗೊಮ್ಮೆ ಬಂಡಲು ಇಳಿಸಿ ಬರುವಾಗ ಬ್ಯಾಂಕಿಗೆ ಹೋಗಿ ಹಣ ಕಟ್ಟುವುದು, ರಸೀದಿಯನ್ನು ಮನೆಯ ಗೋಡೆಯಲ್ಲಿದ್ದ ತಂತಿಗೆ ಚುಚ್ಚುವುದು. 1993ರ ಜನವರಿಯಲ್ಲಿ ಮೊದಲನೆಯದು, 1997ರ ಜನವರಿಯಲ್ಲಿ ನಲವತ್ತೊಂಬತ್ತನೆಯದು.

"ಮುಗೀತು ಅಂದ್ರು ಕ್ಯಾಷಿಯರ್ರು. ಆರ್‌ಸಿ ಬುಕ್ಕಿಂದ ಬ್ಯಾಂಕಿನ್ ಹೆಸ್ರು ತೆಗ್ಸಕ್ಕೆ ಕಾಗ್ದ ಕೊಡಿ ಅಂದ್ರೆ, ಹೆಡ್ಡಾಫೀಸಿಂದ ಬರ್ಬೇಕು ಅಂದ್ರು. ನಾಕ್ ಸಲ ಹೋದೆ, ಬರ್ನಿಲ್ಲ. ದುಡ್ಡು ಮುಗುದ್ಮೇಲೆ ಇನ್ನೇನ್ ಬುಡು ಅಂತ ಸುಮ್ನಾದೆ."

ಸುಮ್ಮನಿದ್ದದ್ದು ಎಷ್ಟು ದೊಡ್ಡ ತಪ್ಪು ಎಂದು ಗೊತ್ತಾದದ್ದು ಈ ವರ್ಷದ ಜನವರಿಯಲ್ಲಿ. ಪತ್ರಿಕೆಗಳ ಪುಟ ಹೆಚ್ಚಿ ಬಂಡಲು ಮೂವತ್ತೆಂಟರಿಂದ ಅರವತ್ತು ದಾಟಿತ್ತು. ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. ಯುಗಾದಿಯೊಳಗೆ ವ್ಯಾನು ತರದಿದ್ದರೆ ಕೆಲಸ ಮಂಡ್ಯದ ಬೇರೆಯವರಿಗೆ ಹೋಗುತ್ತದೆ ಎಂದು ನಿಂಗರಾಜು ನೊಂದುಕೊಂಡೇ ತಿಳಿಸಿದರು. ಜವರಯ್ಯ ಪಾಂಡವಪುರದ ಬೇರೊಂದು ಬ್ಯಾಂಕಿನಲ್ಲಿ ವ್ಯಾನಿನ ಸಾಲಕ್ಕೆ ಅರ್ಜಿ ಹಾಕಿದರು. ಆ ಬ್ಯಾಂಕಿನವರು ವಾಡಿಕೆಯಂತೆ ಹಳೆಯ ಬ್ಯಾಂಕಿಗೆ ಪತ್ರ ಬರೆದು ಈ ಗಿರಾಕಿ ಹೇಗೆ ಎಂದು ಕೇಳಿದರು. ಬಂದ ಉತ್ತರವನ್ನು ಸಾಲ ವಿಭಾಗದ ಅಧಿಕಾರಿ ಸುನಿತಾ, ಜವರಯ್ಯನವರನ್ನು ಎದುರು ಕೂರಿಸಿಕೊಂಡು ಓದಿದರು.

"ಜವರಯ್ಯನವರೇ, ನೀವು ದಿವಾಳಿ ಆಗಿದ್ರಾ?"

"ಊಂ ಮೇಡಮ್ಮೋರೆ. ಅದ್ನ ಅರ್ಜೀಲೇ ಬರ್ದಿವ್ನಿ."

"ಅದು ಗೊತ್ತು. ಆದ್ರೆ ದಿವಾಳಿ ಆದ ಮೇಲೆ ಕಾರಿನ ಸಾಲಕ್ಕೆ ಒಂದು ರೂಪಾಯಿನೂ ಬಂದಿಲ್ಲ ಅಂತ ಬರೆದಿದ್ದಾರಲ್ಲ?"

ಜವರಯ್ಯ ಆ ಗಳಿಗೆಯನ್ನು ನೆನೆಸಿಕೊಳ್ಳುವಾಗ ವ್ಯಾನಿನ ವೇಗ ತಾನಾಗಿ ತಗ್ಗುತ್ತದೆ. "ಗೋಡೌನು ಉರ್ದಾಗ್ಲೂ ಒಟ್ಟೆ ಅಷ್ಟು ಉರೀನಿಲ್ಲ ಸಾ. ನಾಕ್ ವರ್ಸ ಹಬ್ಬಕ್ಕೂ ಒಂದ್ ಹೊಸ ಬಟ್ಟೆ ತರ್ದಂಗೆ ಕಟ್ಟಿದ್ದು. ಒಂದ್ ರುಪಾಯೂ ಇಲ್ಲ ಅಂದ್ಬುಟ್ರಲ್ಲ."

ಆದದ್ದು ಇಷ್ಟು. ದಿವಾಳಿಯ ಆದೇಶ ಬಂದ ದಿನ ಬ್ಯಾಂಕಿನವರು ಸಾಲದ ಲೆಡ್ಜರಿನಲ್ಲಿ ಅವರ ಪುಟಕ್ಕೆ ಕೆಂಪು ಗೆರೆ ಎಳೆದು ಮುಚ್ಚಿದ್ದರು. ಆಮೇಲೆ ಕಟ್ಟಿದ ಹಣವೆಲ್ಲ ಯಾರ ಹೆಸರೂ ಇಲ್ಲದ ಅಮಾನತು ಖಾತೆಗೆ ಹೋಗಿತ್ತು. ಉತ್ತರ ಬರೆದ ಗುಮಾಸ್ತರು ಮುಚ್ಚಿದ ಪುಟವನ್ನಷ್ಟೇ ನೋಡಿದ್ದರು. "ನೀವು ಕಟ್ಟಿದ್ದೀರಿ ಅಂತ ನಾನು ನಂಬ್ತೀನಿ. ಆದ್ರೆ ನನ್ನ ನಂಬಿಕೆ ಫೈಲಿಗೆ ಸಾಕಾಗಲ್ಲ. ಆ ಬ್ಯಾಂಕಿನವರೇ ತಿದ್ದಿ ಬರೆದು ಕಳಿಸಬೇಕು. ಅಲ್ಲೀವರೆಗೂ ನಿಮ್ಮ ಅರ್ಜಿ ವಾಪಸ್ ಮಾಡಲ್ಲ," ಎಂದು ಸುನಿತಾ ಕಳಿಸಿಕೊಟ್ಟರು.

ಮರುದಿನವೇ ಜವರಯ್ಯ ರಸೀದಿಗಳ ತಂತಿ ಹಿಡಿದು ಶ್ರೀರಂಗಪಟ್ಟಣದ ಬ್ಯಾಂಕಿಗೆ ಹೋದರು. ಅಲ್ಲಿ ಹೊಸ ಮ್ಯಾನೇಜರು. ಎಣಿಸಿದರೆ ನಲವತ್ತೊಂದೇ ರಸೀದಿ. 1994ರ ಮೇ ತಿಂಗಳಿಂದ ಡಿಸೆಂಬರಿನವರೆಗಿನ ಎಂಟು ಇರಲಿಲ್ಲ. ತಾಳೆ ನೋಡಿ ಕೊಡುತ್ತೇವೆಂದು ಹಿಂದೊಮ್ಮೆ ಇದೇ ಬ್ಯಾಂಕಿನವರು ಇಸಿದುಕೊಂಡು ಹಿಂತಿರುಗಿಸಿರಲಿಲ್ಲ. ಮ್ಯಾನೇಜರು ಒರಟರಲ್ಲ. ಆದರೆ ಎಂಟು ಕಂತು ಬಿಟ್ಟು ಸಾಲ ತೀರಿದೆ ಎಂದು ಬರೆಯಲಾರೆ ಎಂದರು. ಎಂಟು ತಿಂಗಳ ದಿನದಿನದ ಚೀಟಿಗಳನ್ನು ಹುಡುಕಲು ಜನ ಇಲ್ಲ, ಕಟ್ಟಿದ ತಾರೀಕು ಹೇಳಿದರೆ ಆ ದಿನದ್ದನ್ನು ತೆಗೆಸಬಹುದು ಎಂದರು.

ನಾಲ್ಕು ವರ್ಷದ ಹಿಂದಿನ ತಾರೀಕು ಯಾರಿಗೆ ನೆನಪಿರುತ್ತದೆ? ಮೂರು ದಿನ ಜವರಯ್ಯ ಅನ್ನ ಸರಿಯಾಗಿ ತಿನ್ನಲಿಲ್ಲವಂತೆ. ನಾಲ್ಕನೆಯ ದಿನ ಹಾಲು ಕರೆಯುತ್ತಿದ್ದ ಚಲುವಮ್ಮ ಚೊಂಬು ಕೆಳಗಿಟ್ಟು ಕೇಳಿದರು.

"ಬ್ಯಾಂಕ್ಗೋದ್ ದಿನ ಏಜೆನ್ಸಿ ಲೆಕ್ಕದಲ್ಲಿ ನಾಕ್ ಕಿಲೋಮೀಟ್ರು ಕಳೀತಿದ್ರಲ್ಲ, ಅದ ಎಲ್ಲಿ ಬರೀತಿದ್ರಿ?"

ಕಿಲೋಮೀಟರಿನ ಲೆಕ್ಕಕ್ಕೇ ಬಾಡಿಗೆ. ಬ್ಯಾಂಕಿಗೆ ಹೋಗಿ ಬರುವ ನಾಲ್ಕು ಕಿಲೋಮೀಟರು ಪತ್ರಿಕೆಯ ಕೆಲಸವಲ್ಲ. ಅದಕ್ಕೆ ಹಣ ತೆಗೆದುಕೊಳ್ಳಬಾರದೆಂದು ಜವರಯ್ಯ ಆ ದಿನ ಪುಸ್ತಕದಲ್ಲಿ 'ಬ್ಯಾಂಕು, 4' ಎಂದು ತಾವೇ ಬರೆದು ಕಳೆಯುತ್ತಿದ್ದರು. ಯಾರೂ ಕೇಳಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, ತುಂಬಿದ ಪುಸ್ತಕಗಳೆಲ್ಲ ಇದ್ದ ನಿಂಗರಾಜು ಅವರ ಮನೆಗೆ ಓಡಿದರು.

ನಿಂಗರಾಜು ಏಣಿ ಹಾಕಿ ಅಟ್ಟದ ಮೇಲಿಂದ 1994ರ ಪುಸ್ತಕಗಳನ್ನು ಇಳಿಸಿದರು. "ಇಂಗೆ ಕಳ್ದಿದ್ದೀರಿ ಅಂತ ನಂಗೇ ಗೊತ್ತಿರ್ನಿಲ್ಲ ಜವರಣ್ಣ," ಎನ್ನುತ್ತಾ ಅವರು ಒಂದೊಂದೇ ಪುಟ ತಿರುಗಿಸಿದರು. ಎಂಟು ತಿಂಗಳಿಗೆ ಎಂಟು ತಾರೀಕು ಸಿಕ್ಕವು. ಸೆಪ್ಟೆಂಬರಿನಲ್ಲಿ ಮಾತ್ರ ಎರಡು ದಿನ ಒಂದರ ಹಿಂದೆ ಒಂದು 'ಬ್ಯಾಂಕು' ಎಂದಿತ್ತು. ಮೊದಲನೆಯದನ್ನು ಹಿಡಿದುಕೊಂಡರು.

ಬ್ಯಾಂಕಿನ ಹಿಂದಿನ ಕೋಣೆಯಲ್ಲಿ ಅಟೆಂಡರ್ ಮಂಚಯ್ಯ ಧೂಳು ಕೊಡವಿ ಕಟ್ಟು ಬಿಚ್ಚುತ್ತಾ ಹೋದರು. ಮೇ ಸಿಕ್ಕಿತು. ಜೂನ್ ಸಿಕ್ಕಿತು. ಸಂಜೆಯ ಹೊತ್ತಿಗೆ ಏಳು. ಸೆಪ್ಟೆಂಬರಿನ ಆ ದಿನದ ಕಟ್ಟೇ ಇಲ್ಲ.

"ಇಲ್ಲ ಕಣಣ್ಣ, ಆ ದಿನದ್ದು ಹುಟ್ಟೇ ಇಲ್ಲ," ಎಂದರು ಮಂಚಯ್ಯ.

"ಅದೆಂಗೆ ಇಲ್ದಂಗಾಯ್ತದೆ? ನಾ ಬಂದಿವ್ನಿ ಕಣಪ್ಪ, ಬರ್ದೈತೆ ನೋಡು."

ಮ್ಯಾನೇಜರು ಹಳೆಯ ಹಾಜರಿ ಪುಸ್ತಕ ತೆಗೆಸಿದರು. ಆ ದಿನ ಬ್ಯಾಂಕ್ ನೌಕರರ ಮುಷ್ಕರ! ಬಾಗಿಲು ಹಾಕಿದ್ದ ಬ್ಯಾಂಕಿಗೆ ಹೋಗಿ ಹಿಂತಿರುಗಿದ್ದ ಜವರಯ್ಯ ಮರುದಿನ ಮತ್ತೆ ಬಂದಿದ್ದರು. ಅದಕ್ಕೇ ಪುಸ್ತಕದಲ್ಲಿ ಎರಡು ದಿನ. ಮಂಚಯ್ಯ ಮರುದಿನದ ಕಟ್ಟು ಬಿಚ್ಚಿದರು. ಮೂರನೆಯ ಚೀಟಿಯೇ ಜವರಯ್ಯನದು.

"ಸಿಕ್ಬುಡ್ತು!" ಎಂದು ಮಂಚಯ್ಯ ಕೂಗಿದ ಕೂಗಿಗೆ ಕೌಂಟರಿನ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರಂತೆ. ಮ್ಯಾನೇಜರು ಕುರ್ಚಿಯಿಂದ ಎದ್ದು ಬಂದು ಜವರಯ್ಯನ ಕೈ ಕುಲುಕಿ, ನಮ್ಮ ಕಡೆಯಿಂದ ತಪ್ಪಾಯಿತು ಎಂದರು. ಹೊಸ ಪತ್ರ ತಯಾರಾಯಿತು. ದಿವಾಳಿ ಆದೇಶದ ನಂತರ ನಲವತ್ತೊಂಬತ್ತು ಕಂತು ಪೂರ್ತಿ ಪಾವತಿ, ಒಂದೂ ತಪ್ಪಿಲ್ಲ, ಬಾಕಿ ಇಲ್ಲ. ಆರ್‌ಸಿ ಬುಕ್ಕಿನ ಕಾಗದವೂ ಅದರ ಜೊತೆಗೇ ಸಿಕ್ಕಿತು.

ಸುನಿತಾ ಹೇಳುತ್ತಾರೆ: "ಒಂದು ಸಾಲವನ್ನೂ ಮಾಡದವರ ಫೈಲು ನನ್ನ ಮೇಜಿಗೆ ಬರುತ್ತೆ, ಅವರು ಹೇಗೆ ಅಂತ ನನಗೆ ಗೊತ್ತಾಗಲ್ಲ. ಎಲ್ಲಾ ಕಳ್ಕೊಂಡ ಮೇಲೂ ನಲವತ್ತೊಂಬತ್ತು ತಿಂಗಳು ಕಟ್ಟಿದವರು ಹೇಗೆ ಅಂತ ಗೊತ್ತಾಗುತ್ತೆ. ನಾನು ಒಂದೇ ದಿನದಲ್ಲಿ ಸಹಿ ಹಾಕಿದೆ."

ಯುಗಾದಿಗೆ ಒಂಬತ್ತು ದಿನ ಮುಂಚೆ ವ್ಯಾನು ಬಂತು. ಚಲುವಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮೊದಲ ದಿನ ತಾವೂ ಮುಂದಿನ ಸೀಟಿನಲ್ಲಿ ಕೂತು ನಾಗಮಂಗಲದವರೆಗೆ ಹೋಗಿ ಬಂದರು. ಇಪ್ಪತ್ತಮೂರು ನಿಲುಗಡೆಯಲ್ಲೂ ಏಜೆಂಟರಿಗೆ ಅವರೇ ಬೆಲ್ಲ ಕೊಬ್ಬರಿ ಹಂಚಿದರು.

ಹಳೆಯ ಕಡತದಲ್ಲಿ ದಿವಾಳಿ ಎಂಬ ಮಾತು ಈಗಲೂ ಹಾಗೇ ಇದೆಯಲ್ಲ, ಬೇಸರವಿಲ್ಲವೇ ಎಂದು ಕೇಳಿದೆ.

"ಅದ್ನ ಅಳ್ಸಿ ಅಂತ ನಾ ಕೇಳ್ನಿಲ್ಲ ಸಾ. ಅದು ನಡ್ದಿದ್ದೇ. ಆದ್ರೆ ಆಮ್ಯಾಕೆ ನಡ್ದಿದ್ನೂ ಅದ್ರ ಕೆಳಗೆ ಬರೀಬೇಕಲ್ವಾ? ಅಷ್ಟೇ ಕೇಳಿದ್ದು."

ಹೋದ ವಾರ ಕೆ.ಆರ್. ಪೇಟೆಯಲ್ಲಿ ಪತ್ರಿಕೆ ಹಂಚುವ ಸಿದ್ದರಾಜು ಮೊಪೆಡ್ ಕೊಳ್ಳಲು ಸಾಲ ಕೇಳಿದ್ದರು. ಬ್ಯಾಂಕಿಗೆ ಒಬ್ಬ ಜಾಮೀನುದಾರ ಬೇಕಿತ್ತು. ಸಿದ್ದರಾಜು ನೇರ ಜವರಯ್ಯನ ಹತ್ತಿರ ಬಂದರು. ಜವರಯ್ಯನೇ ಹಿಂಜರಿದು, ನನ್ನ ಹೆಸರು ಬೇಡ ಕಣಪ್ಪ, ಬೇರೆ ಯಾರನ್ನಾದರೂ ನೋಡು ಎಂದರಂತೆ. ಸಿದ್ದರಾಜು ಬಿಡಲಿಲ್ಲ. ಇಬ್ಬರೂ ಹೋದರು. ಬ್ಯಾಂಕಿನವರು ಶ್ರೀರಂಗಪಟ್ಟಣಕ್ಕೂ ಪಾಂಡವಪುರಕ್ಕೂ ಫೋನು ಮಾಡಿ ವಿಚಾರಿಸಿ, ಜಾಮೀನಿನ ಕಾಗದವನ್ನು ಜವರಯ್ಯನ ಮುಂದಕ್ಕೆ ಸರಿಸಿದರು.

ನಾಗಮಂಗಲದಲ್ಲಿ ಕೊನೆಯ ಬಂಡಲು ಇಳಿಸಿ, ಕೈಯ ಮಸಿ ಒರೆಸಿಕೊಳ್ಳುತ್ತಾ ಅವರು ಹೇಳಿದರು:

"ಜವರಯ್ಯ ಅಂತ ಪೂರ್ತಿ ಹೆಸ್ರು ಬರ್ದು ಸೈನ್ ಮಾಡ್ದೆ ಸಾ. ಯಾರೂ ಏನೂ ಅನ್ನಿಲ್ಲ. ಅವನ್ಗೆ ಗಾಡಿ ಬಂತು."